ಬೋಗುಣಿಯಲ್ಲಿ ಸಿಕ್ಕ ಉಂಡೆ

ಹರಳೆಣ್ಣೆಯ ವಾಸನೆ ಬಂದರೆ ಈಗಲೂ ನಾನು ಎದ್ದು ಹೊರಗೆ ಹೋಗುತ್ತೇನೆ.

ಅದು ಯುದ್ಧದ ಕಾಲ, ನನಗಾಗ ಎಂಟು ವರ್ಷ. ಬಸವಾಪಟ್ಟಣದ ನಮ್ಮ ಮನೆಯಲ್ಲಿ ಅಜ್ಜಿ ಹದಿನೈದು ದಿನಗಳಿಂದ ಹೊಟ್ಟೆನೋವೆಂದು ಊಟ ಬಿಟ್ಟು ಮಲಗಿದ್ದಳು. ಯಾರೋ ಅನ್ನದಲ್ಲಿ ಮಾಟದ ಮದ್ದು ಹಾಕಿದ್ದಾರೆಂದು ಮನೆಯವರು ನಂಬಿ, ಅದನ್ನು ಕಕ್ಕಿಸುವ ಮುದುಕನೊಬ್ಬನನ್ನು ಕರೆಸಿದರು.

ಮಧ್ಯಾಹ್ನ ಅವನು ಹರಳೆಣ್ಣೆಯಲ್ಲಿ ಏನೋ ಸೊಪ್ಪು ಅರೆದು ಕುಡಿಸಿದ. ಅಜ್ಜಿ ಹಿತ್ತಾಳೆ ಬೋಗುಣಿಯಲ್ಲಿ ಹಳದಿ ಲೋಳೆ ಕಕ್ಕಿದಳು. ಮುದುಕ ಅದರೊಳಗೆ ಕೈಯಾಡಿಸಿ, ಕೂದಲು ಸುತ್ತಿದ ಕರಿ ಉಂಡೆಯೊಂದನ್ನು ಎತ್ತಿ ತೋರಿಸಿದ.

"ಅಡುಗೆ ಮಾಡೋರ ಕೈಯಿಂದಾನೇ ಹೊಟ್ಟೆಗೆ ಹೋಗೈತೆ ನೋಡ್ರಿ," ಎಂದು ಹೇಳಿ, ಕೈಯನ್ನು ಪಂಚೆಗೆ ಒರೆಸಿಕೊಂಡು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡ.

ಎಲ್ಲರೂ ಚಿಕ್ಕಮ್ಮನ ಕಡೆ ತಿರುಗಿದರು. ಮನೆಯ ಅಡುಗೆಯೆಲ್ಲ ಅವಳದೇ ಆಗಿತ್ತು.

ಮೇಷ್ಟರಾಗಿದ್ದ ಅಪ್ಪ ಕಡ್ಡಿಯಿಂದ ಉಂಡೆಯನ್ನು ಬಿಡಿಸಿ ನೋಡಿದ. ಒಳಗಿನ ಕೂದಲಲ್ಲಿ ಒಂದು ಹನಿ ತೇವವೂ ಇರಲಿಲ್ಲ.

"ಅಪ್ಪಾ, ಹೊಟ್ಟೆಯಾಗೆ ಇದ್ದಿದ್ದು ಒಣಗಿರಾಕೆ ಹೆಂಗಾಗತೈತೆ?" ಎಂದು ಕೇಳಿದೆ.

ಅಷ್ಟರಲ್ಲಿ ಅಜ್ಜಿ ಎದ್ದು ಕೂತು ಗಂಜಿ ಕೇಳಿದಳು.

"ಅವ್ವ ಗಂಜಿ ಕೇಳ್ತಾಳೆ, ಸುಮ್ಕಿರು," ಎಂದು ಅಪ್ಪ ನನ್ನ ಮುಖ ನೋಡದೆ ಹೇಳಿ, ಮುದುಕನಿಗೆ ಕೈಮುಗಿದ.

ಗಂಜಿ ಕಾಯಿಸಲು ಎದ್ದ ಚಿಕ್ಕಮ್ಮನನ್ನು ಅಮ್ಮ ಒಲೆಯ ಹತ್ತಿರ ಬಿಡಲಿಲ್ಲ. ಮರುದಿನ ಚಿಕ್ಕಪ್ಪ ಅವಳನ್ನು ಗಾಡಿಯಲ್ಲಿ ಸಾಸ್ವೆಹಳ್ಳಿಯ ತವರಿಗೆ ಬಿಟ್ಟು ಬಂದ. ಅಜ್ಜಿ ಇನ್ನೂ ಒಂಬತ್ತು ವರ್ಷ ಚೆನ್ನಾಗಿ ಉಂಡು ಬದುಕಿದಳು. ಚಿಕ್ಕಮ್ಮನನ್ನು ಕರೆತರಲು ಯಾರೂ ಹೋಗಲಿಲ್ಲ.