ಬಾಯಿ ಸಿಹಿ

ದೂರದ ಯುದ್ಧದ ಸುದ್ದಿಯನ್ನು ಟಿವಿಯಲ್ಲಿ ನೋಡಿ ಉಬ್ಬಿಹೋದ ಚನಮಲ್ಲಪ್ಪ ಪೇಡೆಯ ಡಬ್ಬಿ ಹಿಡಿದು, ತನಗೆ ಅಕ್ಷರ ಕಲಿಸಿದ ಯೆಹೂದಿ ಟೀಚರ್ ಡೆಬೋರಾ ಅವರ ಮನೆಗೆ ನುಗ್ಗಿದ.

“ಅಕ್ಕಾರ, ನಿಮ್ಮವರು ಬಾಂಬ್ ಹಾಕಿ ವೈರಿಗಳ ದೊಡ್ಡ ಕಟ್ಟಡಾನ ನೆಲಸಮ ಮಾಡ್ಯಾರ! ಬಾಯಿ ಸಿಹಿ ಮಾಡ್ಕೋರಿ!”

ಡೆಬೋರಾ ಸೆರಗಿನ ಅಂಚು ಹರಿದುಕೊಂಡು ಬರಿ ನೆಲದ ಮೇಲೆ ಕೂತಿದ್ದರು. ಗೋಡೆಯ ಕನ್ನಡಿಗೆ ಬಟ್ಟೆ ಮುಚ್ಚಿತ್ತು. ಅವರ ಯಜಮಾನರು ತೀರಿಕೊಂಡಾಗಲೂ ಮನೆ ಹೀಗೇ ಇತ್ತು. ಚನಮಲ್ಲಪ್ಪ ಪೇಡೆಯ ಡಬ್ಬಿಯನ್ನು ಬೆನ್ನ ಹಿಂದೆ ಸರಿಸಿದ.

“ಯಾರು ತೀರ್ಕೊಂಡ್ರು, ಅಕ್ಕಾರ?”

“ನಮ್ಮವರು, ಚನಮಲ್ಲಪ್ಪ.”

“ಅಯ್ಯೋ ಶಿವನ! ಅಲ್ಲಿ ಮಿಲಿಟ್ರಿಯೊಳಗ ಇದ್ರೇನ್ರಿ?”

“ಇಲ್ಲ. ನೀ ಈಗ ಹೇಳಿದ್ಯಲ್ಲ, ಆ ಕಟ್ಟಡದಾಗ ಮಲಗಿದ್ವು. ಸಣ್ಣ ಕೂಸುಗಳು.”