ಹಕ್ಕಿ ಓಡಿಸುವ ಡಬ್ಬಿ

ಶಿವರಾಯ ಚೀಲವನ್ನು ಮೂರನೆಯ ಸಲ ಮಗುಚಿದ. ಅಂಗಿ ಬಿತ್ತು, ಚಡ್ಡಿ ಬಿತ್ತು, ಹಲ್ಲುಜ್ಜುವ ಬ್ರಷ್ಷು ಬಿತ್ತು. ಡಬ್ಬಿ ಮಾತ್ರ ಬೀಳಲಿಲ್ಲ.

ಸಾಬೂನಿನ ಪೆಟ್ಟಿಗೆಯಷ್ಟು ದೊಡ್ಡ ಕರಿ ಡಬ್ಬಿ ಅದು. ಮೇಲೆ ಕೆಂಪು ಚುಕ್ಕಿಗಳ ದೀಪ, ಕೆಳಗೆ ಮೂರು ಗುಂಡಿ. ಚುಕ್ಕಿಗಳೆಂದರೆ ಜೋಳದ ಹೊಲಕ್ಕೆ ಇಳಿಯುವ ಹಕ್ಕಿಗಳು. ಗುಂಡಿ ಒತ್ತಿದರೆ ಕವಣೆ ಕಲ್ಲು. ಮೂರು ಹಕ್ಕಿ ಕಾಳು ತಿಂದರೆ ಡಬ್ಬಿ ಕುಂಯ್ಯೆಂದು ಅತ್ತು ಆಟ ಮುಗಿಯುತ್ತದೆ. ಹೈದರಾಬಾದಿನ ಸಣ್ಣ ಕಂಪನಿಯೊಂದರಲ್ಲಿ ಶಿವರಾಯ ಏಳು ತಿಂಗಳು ಬೆಸುಗೆ ಹಾಕಿ ಮಾಡಿದ ಆಟ. ೧೯೮೪ರ ಆ ಹೊತ್ತಿಗೆ ಅಂಥದ್ದು ಇದ್ದದ್ದು ಒಂದೇ ಒಂದು. ಕಂಪನಿಯಲ್ಲಿ ದಿನವಿಡೀ ಆಡಿದವರೂ ನೂರು ಹಕ್ಕಿ ದಾಟಿರಲಿಲ್ಲ. ಶಿವರಾಯನ ದಾಖಲೆ ತೊಂಬತ್ತೆರಡು.

ಮಂಗಳವಾರ ಮುಂಬೈಯಿಂದ ದೊಡ್ಡ ವ್ಯಾಪಾರಿಗಳು ಅದನ್ನು ನೋಡಲು ಬರುವವರಿದ್ದರು. ಹೊರಗೆ ಒಯ್ಯಬೇಡ ಎಂದು ಮಾಲೀಕರು ಹೇಳಿದ್ದರು. ಆದರೂ ಶಿವರಾಯ ತನ್ನ ಊರು ಮಾದನಹಿಪ್ಪರಗಾಕ್ಕೆ ತಂದಿದ್ದ. ಬರಿಗೈಯಲ್ಲಿ ಹೋದರೆ ಬುಧವಾರದಿಂದ ನೌಕರಿ ಇಲ್ಲ.

ತಂದದ್ದು ಅಜ್ಜನಿಗೆ, ಅವನ ಬಾಯಲ್ಲಿ ಮುತ್ಯಾನಿಗೆ, ತೋರಿಸಲಿಕ್ಕೆ. ಮುತ್ಯಾ ಶಾಂತಲಿಂಗಪ್ಪ ಹರೆಯದಲ್ಲಿ ಕವಣೆ ಬೀಸಿದರೆ ಸುತ್ತಲಿನ ನಾಲ್ಕು ಹೊಲದ ಹಕ್ಕಿಗಳು ಊರು ಬಿಡುತ್ತಿದ್ದವಂತೆ. ಆಟ ಹುಟ್ಟಿದ್ದೇ ಆ ಕಥೆ ಕೇಳಿ. ಶುಕ್ರವಾರ ಸಂಜೆ ಮುತ್ಯಾ ಡಬ್ಬಿಯನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಹಿಡಿದು ನೋಡಿದ.

"ಹೊಲ ಇಲ್ಲ, ಹಕ್ಕಿ ಇಲ್ಲ, ಬರೇ ಕೆಂಪು ಚುಕ್ಕಿ. ಇದಕ್ಕ ಹದಿನಾರು ವರ್ಷ ಓದಿದೇನಲೇ?"

ಶಿವರಾಯನಿಗೆ ಅಳು ಬರುವಷ್ಟು ಬೇಸರವಾಯಿತು. ಡಬ್ಬಿಯನ್ನು ಚೀಲಕ್ಕೆ ತುರುಕಿ ಮಲಗಿದ. ಶನಿವಾರ ಬೆಳಿಗ್ಗೆ ನೋಡಿದರೆ ಇಲ್ಲ.

"ಮುತ್ಯಾ, ನನ್ನ ಡಬ್ಬಿ ಕಂಡೀ ಏನು?"

ಸ್ಟೂಲಿನ ಮೇಲೆ ನಿಂತು ಗೋಡೆ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದ ಮುತ್ಯಾ ತಿರುಗಿಯೂ ನೋಡಲಿಲ್ಲ. "ಹುಡುಗಾಟಿಕಿ ಸಾಮಾನು ಕಾಯ್ಕೋತ ಕುಂಡ್ರಲೇನು ನಾ? ಪೂಜಿ ಹೊತ್ತಾತು, ಗದ್ದಲ ಮಾಡಬ್ಯಾಡ."

ಮುತ್ಯಾನ ಪೂಜೆಯೆಂದರೆ ಆ ಮನೆಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ದೇವರ ಕೋಣೆಯ ಬಾಗಿಲು ಮುಂದೆಳೆದು, ತಲೆ ಮೇಲೆ ಶಾಲು ಹೊದ್ದು, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ದೃಷ್ಟಿ ನೆಟ್ಟನೆಂದರೆ ಮುಗಿಯುವ ತನಕ ಒಳಗೆ ಯಾರಿಗೂ ಪ್ರವೇಶವಿಲ್ಲ. ಎಂದಿನ ಪೂಜೆ ಕಾಲು ಗಂಟೆಯದು. ಆ ದಿನ ಎರಡು ತಾಸಾಯಿತು. ನಡುನಡುವೆ ಗಂಟೆ ಜೋರಾಗಿ ಮೊಳಗುತ್ತಿತ್ತು.

"ನಿನ್ನ ಡಬ್ಬಿ ಸಲುವಾಗೇ ಕುಂತಾರಪ್ಪ ಮಾವನೋರು," ಎಂದು ಶಿವರಾಯನ ತಾಯಿ ಗುರುಬಾಯಿ ಪಿಸುಗುಟ್ಟಿದಳು. ಶಿವರಾಯನ ಕಣ್ಣು ಒದ್ದೆಯಾಯಿತು. ಬಾಯಿ ಬಿರುಸಾದರೂ ಮುತ್ಯಾನ ಕರುಳು ಮೆತ್ತಗೆ ಎಂದುಕೊಂಡ.

ಹಾಗಾದರೆ ಕಳ್ಳ ಯಾರು? ಶಿವರಾಯನ ತಲೆಯಲ್ಲಿ ಒಂದೇ ಹೆಸರು ಕೂತಿತ್ತು, ವಿಠ್ಠಲ. ಆಳಂದದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟವನು, ಬಾಲ್ಯದ ಗೆಳೆಯ. ಶುಕ್ರವಾರ ಮಧ್ಯಾಹ್ನ ಬಂದು ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಒಲ್ಲದ ಮನಸ್ಸಿನಿಂದ ಕೆಳಗಿಟ್ಟು ಹೋಗಿದ್ದ.

ಭಾನುವಾರ ಮೊದಲ ಬಸ್ಸಿಗೇ ಶಿವರಾಯ ಆಳಂದಕ್ಕೆ ಹೋದ. ನಮಸ್ಕಾರವಿಲ್ಲ, ಚಹಾ ಇಲ್ಲ, ಅಂಗಡಿಯಲ್ಲಿದ್ದ ಒಂಬತ್ತು ರೇಡಿಯೋಗಳ ಹೊಟ್ಟೆ ಬಿಚ್ಚಿ ನೋಡಿದ. ಸಿಕ್ಕಿದ್ದು ಎರಡು ಜಿರಲೆ.

"ಮೂರನೇ ಕ್ಲಾಸಿನಿಂದ ಕೂಡಿ ಓದೀವಿ. ಇವತ್ತ ನನಗ ಕಳ್ಳ ಅಂತಿ," ಎಂದ ವಿಠ್ಠಲ. "ನಿನ್ನೆ ನಿಮ್ಮ ಮುತ್ಯಾ ಗಡಿಯಾರದ ಸೆಲ್ ಬೇಕಂತ ಕಂಡಕ್ಟರ್ ಕೈಯಾಗ ಚೀಟಿ ಕಳಿಸಿದ್ರು. ಇದ್ದ ಗಿರಾಕಿ ಬಿಟ್ಟು ಕಳಿಸೀನಿ. ಅಂಥಾ ದೊಡ್ಡವರ ಮನಿಯಾಗ ನೀ ಹ್ಯಾಂಗ ಹುಟ್ಟಿದ್ಯೋ."

ಶಿವರಾಯ ತಲೆ ತಗ್ಗಿಸಿ ಬಸ್ ಹತ್ತಿದ. ಗೆಳೆಯನೂ ಹೋದ, ಡಬ್ಬಿಯೂ ಸಿಗಲಿಲ್ಲ.

ಸೋಮವಾರ ಹೈದರಾಬಾದಿಗೆ ಹೊರಡುವ ದಿನ. ಮುತ್ಯಾ ಕೋಳಿ ಕೂಗುವ ಮೊದಲೇ ಪೂಜೆಗೆ ಕೂತಿದ್ದ. ಹೊರಬಂದಾಗ ಕಣ್ಣು ಕೆಂಪು, ಮುಖದ ತುಂಬ ಸಿಟ್ಟು, ಎಡಗೈ ಹೆಬ್ಬೆರಳಿಗೆ ಅರಿಶಿನದ ಪಟ್ಟಿ.

"ಎಷ್ಟು ಕೂಡಿಸಿದ್ರೂ ಕಡೀಕ ಸೊನ್ನಿ," ಎಂದ.

ಗುರುಬಾಯಿ ಎರಡೂ ಕೈ ಮುಗಿದಳು. "ಮಾವನೋರಿಗಿ ವೈರಾಗ್ಯ ಬಂದದ. ಜಪಾ ಮಾಡಿ ಮಾಡಿ ಬೆರಳು ಬಾತಾವ."

ಶಿವರಾಯ ಕಾಲಿಗೆ ಬಿದ್ದ. "ಮುತ್ಯಾ, ನನ್ನ ನೌಕರಿ ಹೋದಂಗ ನೋಡು."

"ಹೋದ್ರ ಹೊಲ ಅದ. ಬಂದು ಖರೇ ಹಕ್ಕಿ ಓಡಸು." ಮುತ್ಯಾ ಬುತ್ತಿಯ ಗಂಟನ್ನು ತಾನೇ ಕಟ್ಟಿ ಅವನ ತೊಡೆಯ ಮೇಲಿಟ್ಟ. "ಆಳಂದ ದಾಟಿದ ಮ್ಯಾಲೆ ಬಿಚ್ಚು. ಕೆಳಗ ಇಡಬ್ಯಾಡ."

ದಾರಿಯುದ್ದಕ್ಕೂ ಶಿವರಾಯ ಮಾಲೀಕರಿಗೆ ಹೇಳಬೇಕಾದ ಸುಳ್ಳನ್ನು ಹುಡುಕಿದ. ಬಸ್ಸಿನಲ್ಲಿ ಕಳವಾಯಿತು ಎನ್ನಲೇ? ಬೆಂಕಿ ಬಿತ್ತು ಎನ್ನಲೇ? ಯಾವುದರ ಮೇಲೂ ಅವನಿಗೇ ನಂಬಿಕೆ ಬರಲಿಲ್ಲ. ಆಳಂದ ದಾಟಿತು. ಹಸಿವಿಲ್ಲದಿದ್ದರೂ ಮುತ್ಯಾನ ಮಾತು ಮೀರಬಾರದೆಂದು ಗಂಟು ಬಿಚ್ಚಿದ. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ರೊಟ್ಟಿಯ ಮೇಲೆ ವಿಭೂತಿಯ ಬೆರಳಚ್ಚು ಮೂಡಿದ ಒಂದು ಚೀಟಿ.

"ಚಿ. ಶಿವರಾಯಗ ಆಶೀರ್ವಾದ. ರೊಟ್ಟಿ ಕೆಳಗ ಡಬ್ಬಿ ಅದ, ಹೊಸಾ ಸೆಲ್ ಹಾಕೀನಿ. ಇನ್ನೂರಾ ಐವತ್ತೈದು ಹಕ್ಕಿ ಕೆಡವಿದ ಮ್ಯಾಲೆ ಅದು ಲೆಕ್ಕ ಮರತು ಸೊನ್ನಿ ತೋರಸ್ತದ, ಐದು ಸರ್ತಿ ನೋಡೀನಿ, ಮುಂಬೈದವರು ಬರೂದ್ರಾಗ ರಿಪೇರಿ ಮಾಡು, ಮತ್ತ ಅಳೂ ದನಿ ಸಣ್ಣದು ಮಾಡು, ಅದನ್ನ ಮುಚ್ಚಾಕ ಗಂಟಿ ಬಾರಿಸಿ ಬಾರಿಸಿ ನನ್ನ ರಟ್ಟಿ ಬಿದ್ದಾವ."