ಮೆಟ್ರಿಕ್ ಮುಗೀಲಿ

ಬೆಳಿಗ್ಗೆ ಶಾಲೆಯ ಸರಸ್ವತಿ ಪೂಜೆ ಮುಗಿದ ಮೇಲೆ ಗೇಟಿನ ಬಳಿ ಸಂಗಮ್ಮ ಅವನ ಅಂಗೈಯಲ್ಲಿ ಒಂದು ಎಲೆ ಇಟ್ಟು, "ಬಂಗಾರ ತಗೋ, ಬಂಗಾರದಂಗ ಇರೂಣು" ಎಂದು ಓಡಿಹೋದಳು. ಹರಿದಾಸ ಎಲೆಯನ್ನು ತಿರುಗಿಸಿ ನೋಡಿದ. ಇಸ್ಪೀಟಿನ ಆಟೀನಿನಂತೆ ಹೃದಯದ ಆಕಾರವೇ!

ಕಾಪುವಿನಿಂದ ನಾಸಿಕಕ್ಕೆ, ಮಾವನ ಹೋಟೆಲಿಗೆ ಬಂದು ಒಂಬತ್ತನೆಯ ತರಗತಿ ಸೇರಿದ ಮೇಲೆ ಅವನಿಗೆ ಇದು ಮೊದಲ ದಸರಾ. ಆ ಮರಾಠಿ ತರಗತಿಯಲ್ಲಿ ಕನ್ನಡ ಬಲ್ಲವಳು ಕಲಬುರಗಿ ಕಡೆಯ ಸಂಗಮ್ಮ ಒಬ್ಬಳೇ. ಮಾಸ್ತರರು ಏನಾದರೂ ಕೇಳಿ ಇವನು ಪಿಳಿಪಿಳಿ ಕಣ್ಣು ಬಿಟ್ಟಾಗ ಪಕ್ಕದ ಸಾಲಿನಿಂದ ಮೆಲ್ಲಗೆ ಕನ್ನಡದಲ್ಲಿ ಹೇಳಿಕೊಡುತ್ತಿದ್ದಳು. ಅಷ್ಟೇ ಪರಿಚಯ. ಈಗ ಒಮ್ಮೆಲೇ 'ಇರೂಣು' ಎಂದರೆ? ಇಬ್ಬರೂ ಸೇರಿ ತಾನೆ? ಒಪ್ಪಿದರೆ ಊರಲ್ಲಿ ಅಮ್ಮ ಏನೆಂದಾಳು? ಒಪ್ಪದಿದ್ದರೆ ನಾಳೆಯಿಂದ ತರಗತಿಯಲ್ಲಿ ಯಾರು ದಿಕ್ಕು? ಮಧ್ಯಾಹ್ನ ಅವನಿಗೆ ಊಟ ಸೇರಲಿಲ್ಲ.

ಸಂಜೆ ಹೋಟೆಲಿನಲ್ಲಿ ಅವನು ಕಪ್ಪು-ಬಸಿ ಒರೆಸುತ್ತಿದ್ದಾಗ ಸಂಗಮ್ಮನ ಅಪ್ಪ, ಬಟ್ಟೆ ಅಂಗಡಿಯ ಗುರುಲಿಂಗಪ್ಪನವರು, ಹೆಂಡತಿ ರುಕ್ಮಿಣಿಬಾಯಿ ಮತ್ತು ಮಗಳೊಡನೆ ಒಳಗೆ ಬಂದರು. ಮೂವರ ಮೈಮೇಲೂ ಹೊಸ ಬಟ್ಟೆ. ಗಲ್ಲಾದಲ್ಲಿದ್ದ ಉಮಾನಾಥ ಮಾವನ ಕೈಗೆ ಗುರುಲಿಂಗಪ್ಪನವರು ಅದೇ ಬಗೆಯ ಎಲೆ ಕೊಟ್ಟು ಬಿಗಿಯಾಗಿ ತಬ್ಬಿಕೊಂಡರು.

"ಬಂಗಾರ ತಗೋರಿ ರಾಯರ, ಬಂಗಾರದಂಗ ಇರೂಣು."

"ಆಗಲಿ, ಆಗಲಿ. ಬಹಳ ಸಂತೋಷ," ಎಂದರು ಮಾವ.

ಹರಿದಾಸನ ಕೈಯಿಂದ ಬಸಿ ಜಾರಿ ಒಡೆಯಿತು. ಮಾವ ಒಪ್ಪಿಯೇಬಿಟ್ಟರು! ಅಮ್ಮನಿಗೆ ಒಂದು ಮಾತೂ ಹೇಳದೆ!

"ಮಾವ, ನಾನು ಈಗಲೇ ಮದುವೆ ಆಗುದಿಲ್ಲ! ಮೆಟ್ರಿಕ್ ಮುಗೀಲಿ!"

ಚಹಾ ಕುಡಿಯುತ್ತಿದ್ದ ಗಿರಾಕಿಗಳೆಲ್ಲ ಇತ್ತ ತಿರುಗಿದರು.

"ಯಾರ ಮದುವೆ ಮಾರಾಯಾ?" ಎಂದರು ಮಾವ.

"ಬೆಳಿಗ್ಗೆ ಇವಳು ನನಗೆ ಎಲೆ ಕೊಟ್ಟಳು. ಈಗ ಇವಳ ಅಪ್ಪ ನಿಮಗೆ..."

"ಅಯ್ಯೋ ನಿನ್ನ ಮಂಡೆ! ದಸರಾಕ್ಕೆ ಇಲ್ಲಿ ಎಲ್ಲರೂ ಎಲ್ಲರಿಗೂ ಬಂಗಾರ ಅಂತ ಹೇಳಿ ಕೊಡ್ತಾರೆ ಇದನ್ನು. ನಮ್ಮ ಊರಲ್ಲಿ ಇಲ್ಲ, ಅಷ್ಟೆ. ಅಗೋ, ಅಲ್ಲಿ ನೋಡು!"

ಪಾತ್ರೆ ತೊಳೆಯುವ ಮುದ್ದಣ್ಣನ ಕಿವಿಯ ಮೇಲೂ ಅಂಥದೇ ಒಂದು ಎಲೆ ಕೂತಿತ್ತು.

ಗುರುಲಿಂಗಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಳಿಯಂದ್ರ, ಸೈಕಲ್ ಬೇಕೇನ್ರಿ, ಕೈಗಡಿಯಾರ ಬೇಕೇನ್ರಿ?"

ರುಕ್ಮಿಣಿಬಾಯಿ ಗಂಡನ ತೋಳು ಚಿವುಟಿದರು. "ಸುಮ್ಮನಿರ್ರಿ. ಹುಡುಗ ಗಾಬರಿ ಆಗ್ಯಾನ." ಬರಿಗಾಲಲ್ಲಿ ನಿಂತಿದ್ದ ಹರಿದಾಸನ ಮುಂದೆ ಕುಕ್ಕರುಗಾಲಲ್ಲಿ ಕೂತು, ಬಸಿಯ ಚೂರುಗಳನ್ನು ಒಂದೊಂದಾಗಿ ಹೊಸ ಸೀರೆಯ ಸೆರಗಿಗೆ ಆರಿಸಿಕೊಂಡರು. ಅವನ ಮುಖವನ್ನು ಮಾತ್ರ ನೋಡಲಿಲ್ಲ. "ನಮ್ಮ ಹುಡುಗೀದೂ ಮೆಟ್ರಿಕ್ ಆಗಬೇಕಲ್ಲಪಾ. ಯಾರಿಗೂ ಅವಸರ ಇಲ್ಲ," ಎಂದು ಎದ್ದರು.

ಮೂವರೂ ಹೊರಟರು. ಇಷ್ಟು ಹೊತ್ತೂ ನಗದೆ ನಿಂತಿದ್ದ ಸಂಗಮ್ಮ ಬಾಗಿಲವರೆಗೆ ಹೋದವಳು ಹಿಂದಿರುಗಿ ಬಂದಳು.

"ನೀ ಬ್ಯಾಡ ಅಂದಿದ್ದು ನನ್ನನ್ನೋ, ಈಗಲೇ ಆಗೋದನ್ನೋ?"

ಹರಿದಾಸ ಮೊದಲು ಇಲ್ಲವೆಂದು, ಆಮೇಲೆ ಹೌದೆಂದು ತಲೆಯಾಡಿಸಿದ.